ಹುಲಿಗುಡ್ಡದ ದೇಸಾಯಿಯ ಮೀಸೆ

ನಾನು ಒಂದು ಮೀಸೆ. ನಗಬೇಡಿ. ಗಂಡಸರ ಮೂಗಿನ ಕೆಳಗೆ ತಾನಾಗಿ ಬೆಳೆಯುವ ಮೀಸೆಯಲ್ಲ, ಗಮ್ಮು ಹಚ್ಚಿ ಅಂಟಿಸಿಕೊಳ್ಳುವ ನಾಟಕ ಕಂಪನಿಯ ಮೀಸೆ. ಉದ್ದ ಆರು ಬೆರಳು, ಎರಡೂ ತುದಿ ಮೇಲಕ್ಕೆ ತಿರುಗಿವೆ. ನಟ ಅಡಿವೆಪ್ಪ ಸೂಡಿ ಎಂಬ ಹೆಸರು ನೀವು ಕೇಳಿದ್ದರೆ, ಅವನ ಫೋಟೋ ಯಾವುದಾದರೂ ಹೋಟೆಲಿನ ಗೋಡೆಯ ಮೇಲೆ ನೋಡಿದ್ದರೆ, ನನ್ನನ್ನೂ ನೋಡಿದ್ದೀರಿ. ಫೋಟೋದ ಕೆಳಗೆ ಅವನ ಹೆಸರಿರುತ್ತದೆ, ನನ್ನ ಹೆಸರಿರುವುದಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ. ಮೀಸೆಗೆ ಯಾರು ಹೆಸರಿಡುತ್ತಾರೆ? ನನ್ನ ಸಿಟ್ಟೆಲ್ಲ ಇನ್ನೊಂದು ಹೆಸರಿನ ಬಗ್ಗೆ. ಎಲ್ಲಿ ಬರೆಯಬೇಕಿತ್ತೋ ಅಲ್ಲಿ ಯಾರೂ ಬರೆಯದ ಹೆಸರು ಅದು. ಅದನ್ನು ಹೇಳದೆ ನನಗೆ ಜೀವ ತಡೆಯುವುದಿಲ್ಲ.

ನಾನು ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ, ಬಸಲಿಂಗಯ್ಯ ಮಾಲಕರ ನಾಟಕ ಕಂಪನಿಯ ಕ್ಯಾಂಪಿನಲ್ಲಿ. ತಗಡಿನ ಥೇಟರು, ಮುಂದೆ ಚಾಪೆ, ಹಿಂದೆ ಕುರ್ಚಿ. 'ಹುಲಿಗುಡ್ಡದ ದೇಸಾಯಿ' ಎಂಬ ಹೊಸ ನಾಟಕ ಹಚ್ಚಿದ್ದರು. ದೇಸಾಯಿಯ ಪಾತ್ರ ಅಡಿವೆಪ್ಪನದು. ಮೊದಲ ದಿನ ದೇಸಾಯಿ ಎದೆಯುಬ್ಬಿಸಿ ಬ್ರಿಟಿಷ್ ಸಾಹೇಬನ ಮುಂದೆ ಗುಡುಗಿದ. ಆ ಗುಡುಗಿಗೆ ಆಡಿನ ಕೂದಲಿನ ಮೀಸೆಯ ಒಂದು ಪಕ್ಕ ಕಿತ್ತು ಗಲ್ಲದ ಮೇಲೆ ಜೋತುಬಿತ್ತು.

"ದೇಸಾಯರ, ಮೀಸಿ ಹಿಡಕೋರಿ, ಗಾಳಿ ಭಾಳ ಐತಿ!" ಎಂದು ಚಾಪೆಯ ಮೇಲಿನಿಂದ ಯಾರೋ ಕೂಗಿದರು. ಥೇಟರು ಬಿದ್ದು ಬಿದ್ದು ನಕ್ಕಿತು. ಸಾಹೇಬನ ಪಾತ್ರದವನೂ ಬೆನ್ನು ತಿರುಗಿಸಿ ನಕ್ಕ. ಪರದೆ ಎಳೆಯಬೇಕಾಯಿತು.

ಮರುದಿನ ಮೇಕಪ್ಪಿನ ದಾವಲಸಾಬ ತಲೆ ಕೆರೆದುಕೊಂಡು ಕೂತಿದ್ದ. "ಆಡಿನ ಕೂದಲಕ್ಕ ಬಿಗುವಿಲ್ರೀ. ಮನಶ್ಯಾರ ಕೂದಲ ಬೇಕು, ಉದ್ದಂದು. ಹುಬ್ಬಳ್ಳಿಂದ ತರಸಬೇಕಂದ್ರ ಎಂಟು ದಿನ. ಆದಿತವಾರ ಮತ್ತ ಆಟ ಐತಿ," ಎಂದ. ಅಲ್ಲಿದ್ದ ಹೆಂಗಸರೆಲ್ಲ ಸೆರಗು ಎಳೆದುಕೊಂಡು ಬೇರೆ ಕಡೆ ನೋಡಿದರು. ಆಗ ಕಂಪನಿಯ ನಾಯಕಿ ತುಂಗಾಬಾಯಿ ತನ್ನ ಜಡೆ ಬಿಚ್ಚಿ, ಹಿಂದಲೆಯಿಂದ ಒಂದು ಹಿಡಿ ಕೂದಲು ತೆಗೆದು, ತಾನೇ ಕತ್ತರಿ ಆಡಿಸಿದಳು.

"ತಗೋರಿ ಕಾಕಾ. ಜಡಿ ಹಾಕಿದ ಮ್ಯಾಲ ಯಾರಿಗೂ ಕಾಣ್ಸೂದಿಲ್ಲ."

"ಅಯ್ಯ ಶಿವನ, ಹೆಣಮಗಳು ಕೂದಲಿಗೆ ಕತ್ರಿ ಹಚ್ಚಿದ್ಲಲ್ಲ!" ಎಂದು ಅಡಿಗೆಯ ನೀಲವ್ವ ಬಾಯಿಮೇಲೆ ಕೈ ಇಟ್ಟುಕೊಂಡಳು. ತುಂಗಾಬಾಯಿ ನಕ್ಕಳು. "ಕಂಪನಿ ಮೀಸಿ ಬೀಳಬಾರ್ದಲ್ಲ ಅತ್ತಿ," ಎಂದಳು.

ದಾವಲಸಾಬ ಎರಡು ದಿನ ಬೆನ್ನು ಬಗ್ಗಿಸಿ ಕೂತು, ತೆಳ್ಳನೆಯ ಜಾಳಿಗೆಯ ಬಟ್ಟೆಗೆ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲು ಗಂಟು ಹಾಕಿ ನನ್ನನ್ನು ಮಾಡಿದ. ದೇಸಾಯಿಯ ಮೀಸೆ ಹುಟ್ಟಿದ್ದು ಹೀಗೆ, ಹೆಣ್ಣಿನ ಜಡೆಯಲ್ಲಿ. ಇದು ಆಗ ಕಂಪನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಎಲ್ಲರೂ ಮರೆತರು.

ಇನ್ನು ಅಡಿವೆಪ್ಪನ ವಿಷಯ. ಅವನು ರೋಣದ ಕಡೆಯ ಸೂಡಿಯವನು. ಹನ್ನೆರಡನೇ ವಯಸ್ಸಿಗೆ ಕಂಪನಿ ಸೇರಿ ಹೆಣ್ಣುಪಾತ್ರ ಮಾಡಿಕೊಂಡಿದ್ದ. ಗಂಟಲು ಒಡೆದ ಮೇಲೆ ಗಂಡುಪಾತ್ರಕ್ಕೆ ಬಂದ. ನೋಡಲು ಎತ್ತರ, ದನಿ ಕಂಚು. ಎಲ್ಲ ಇತ್ತು, ಅಕ್ಷರ ಒಂದು ಇರಲಿಲ್ಲ. ನಾಟಕದ ಮಾಸ್ತರು ಮಾತು ಬರೆದ ವಹಿ ಕೊಟ್ಟರೆ ಗಂಭೀರವಾಗಿ ತೆರೆದು ಕೂಡುತ್ತಿದ್ದ, ತುಟಿ ಆಡಿಸುತ್ತಿದ್ದ, ಹಾಳೆ ತಿರುವುತ್ತಿದ್ದ. ಬೇರೆಯವರು ಓದುವುದನ್ನು ಕದ್ದು ಕೇಳಿ ಬಾಯಿಪಾಠ ಮಾಡುತ್ತಿದ್ದ. ಒಂದು ಮಧ್ಯಾಹ್ನ ಹೀಗೆ ಕೂತಾಗ ತುಂಗಾಬಾಯಿ ಹಿಂದಿನಿಂದ ಬಂದು ಇಣುಕಿದಳು. ಅವನ ಕೈಯಲ್ಲಿದ್ದದ್ದು ಬೇರೆ ನಾಟಕದ ವಹಿ.

ಬೇರೆ ಯಾರಾದರೂ ಆಗಿದ್ದರೆ ಅಂದು ಸಂಜೆಯೊಳಗೆ ಇಡೀ ಕಂಪನಿಗೆ ಡಂಗುರ ಸಾರುತ್ತಿದ್ದರು. ಅವಳು ಸುಮ್ಮನೆ ಅವನ ಪಕ್ಕ ಕೂತು, "ಈ ಮಾಸ್ತರ ಅಕ್ಷರ ಕಾಗಿ ಕಾಲು ಇದ್ದಾಂಗ ಅದಾವು. ಕೊಡ್ರಿಲ್ಲೆ, ನಾ ಓದ್ತೀನಿ, ನೀವು ಕೇಳ್ರಿ," ಎಂದಳು. ಅವನ ಮುಖ ಕೆಂಪಾಯಿತು. ಅವಳಿಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು. ಆ ವಿಷಯ ಅವಳು ಸಾಯುವತನಕ ಯಾರ ಮುಂದೂ ಎತ್ತಬಾರದು ಎಂದು ಅವನು ಕೇಳಲಿಲ್ಲ. ಕೇಳದೆಯೇ ಅವಳು ಎತ್ತಲಿಲ್ಲ.

ಅಂದಿನಿಂದ ದಿನಾ ಊಟವಾದ ಮೇಲೆ, ಕಂಪನಿ ಮಲಗಿದಾಗ, ಖಾಲಿ ಥೇಟರಿನಲ್ಲಿ ಪಾಠ. ಅವಳು ಬರೀ ಓದಿ ಹೇಳಲಿಲ್ಲ. "ಮಾತು ಬಾಯಾಗಿಂದ ಬಂದ್ರ ಅದು ಸಾಲಿ ಹುಡುಗರ ಮಗ್ಗಿ ಆಗ್ತೈತಿ. ನಾ ಹೆಂಗ ನಿಲ್ತೀನಿ ನೋಡ್ರಿ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾವಲಸಾಬನ ಹಲಗೆಯ ಮೇಲಿದ್ದ ನನ್ನನ್ನು ತೆಗೆದು ತನ್ನ ಮೇಲ್ದುಟಿಗೆ ಅಂಟಿಸಿಕೊಂಡಳು. ನನ್ನ ಬಾಳಿನ ಮೊದಲ ತುಟಿ ಅವಳದು. ಅದರ ಮೇಲೆ ಕೂತೇ ನಾನು ದೇಸಾಯಿಯನ್ನು ಮೊದಲು ನೋಡಿದ್ದು. ಎಂಥ ದೇಸಾಯಿ! ಎಡಗಾಲು ಒಂದು ಹೆಜ್ಜೆ ಮುಂದೆ, ಗದ್ದ ಸ್ವಲ್ಪ ಕೆಳಗೆ, ಕಣ್ಣು ಮಾತ್ರ ಮೇಲೆ. ದೇಸಾಯರ ಕೋಟೆಯಂಥ ವಾಡೆಯ ಕೀಲಿ ಕೊಡು ಎಂದ ಸಾಹೇಬನಿಗೆ ಅವಳು ಕೂಗದೆ, ಮೆಲ್ಲಗೆ ಹೇಳಿದಳು:

"ಈ ವಾಡೆಯ ಬಾಗಿಲು ತೆರೆಯಲು ಕೀಲಿ ಬೇಕಿಲ್ಲ ಸಾಹೇಬ, ಧೈರ್ಯ ಬೇಕು. ತಂದಿದ್ದೀಯೇನು?"

ಅಡಿವೆಪ್ಪ ಬಾಯಿ ತೆರೆದು ನೋಡುತ್ತಿದ್ದ. ಆಮೇಲೆ ನನ್ನನ್ನು ಅವಳ ತುಟಿಯಿಂದ ತೆಗೆದು ತಾನು ಅಂಟಿಸಿಕೊಂಡು ಅವಳು ನಿಂತಂತೆ ನಿಂತ, ನುಡಿದಂತೆ ನುಡಿದ. ಆದರೆ 'ಧೈರ್ಯ ಬೇಕು' ಎಂದ ಮೇಲೆ ಮುಂದಿನದು ಪ್ರತಿಸಲ ಮರೆಯುತ್ತಿತ್ತು. ಗಾಬರಿಯಿಂದ ಕಣ್ಣು ಪಿಳಿಪಿಳಿ ಬಿಡುತ್ತಿದ್ದ.

ಅವಳು ಉಪಾಯ ಹೇಳಿಕೊಟ್ಟಳು. "ಮರೆತ್ರ ಗಾಬರಿ ಆಗಬ್ಯಾಡ್ರಿ. ಎಡಗೈ ಕಿರುಬೆರಳಿಂದ ಮೀಸಿ ಒಮ್ಮಿ ಸವರ್ರಿ, ಸಾವಕಾಶ. ಮಂದಿ, ಇಂವಗ ಸಿಟ್ಟು ಬಂತಪ್ಪಾ ಅಂತ ತಿಳೀತಾರ. ಅಷ್ಟರಾಗ ನಾ ವಿಂಗಿನ್ಯಾಗಿಂದ ಮಾತು ಹೇಳ್ತೀನಿ."

ಆದಿತವಾರ ಆರೂಕಾಲಿನ ಆಟ. ದೇಸಾಯಿ 'ಧೈರ್ಯ ಬೇಕು' ಎಂದ. ಮರೆತ. ಅವನ ಮೇಲ್ದುಟಿ ಗಡಗಡ ನಡುಗಿದ್ದು ನನಗೆ ಗೊತ್ತಾಯಿತು. ಎಡಗೈ ಎತ್ತಿದ. ಕಿರುಬೆರಳು ನನ್ನ ಮೇಲೆ ಈ ತುದಿಯಿಂದ ಆ ತುದಿಗೆ ಹರಿಯಿತು. ಥೇಟರಿನಲ್ಲಿ ಒಬ್ಬರೂ ಉಸಿರು ಬಿಡಲಿಲ್ಲ. ರಂಗದ ಪಕ್ಕದ ಪರದೆಯ ಮರೆಯಿಂದ, ವಿಂಗಿನಿಂದ, ಅವಳ ಪಿಸುದನಿ ಬಂತು. "ತಂದಿದ್ದೀಯೇನು?" ಎಂದ ಅಡಿವೆಪ್ಪ. ಅಬ್ಬಾ, ಆ ಶಿಳ್ಳೆ, ಆ ಚಪ್ಪಾಳೆ! ತಗಡು ಹಾರಿಹೋಗುತ್ತದೇನೋ ಎನ್ನಿಸಿತು. 'ವನ್ಸ್ ಮೋರ್, ವನ್ಸ್ ಮೋರ್' ಎಂದು ಮೂರು ಸಲ ಆ ಮಾತು ಹೇಳಿಸಿದರು. ಮೂರು ಸಲವೂ ಅವನು ಬೆರಳು ಆಡಿಸಿದ.

ಇಡೀ ನಾಡು ಕೊಂಡಾಡಿದ 'ಸೂಡಿ ಸ್ಟೈಲ್' ಎಂದರೆ ಇದೇ. ಮರೆವಿಗೆ ಒಬ್ಬ ಹೆಂಗಸು ಹೇಳಿಕೊಟ್ಟ ಮದ್ದು.

ದಾವಣಗೆರೆ ಕ್ಯಾಂಪಿನಲ್ಲಿ ಇಬ್ಬರೂ ಮದುವೆಯಾದರು. ಮಾಲಕರೇ ಮುಂದೆ ನಿಂತು ಅಕ್ಕಿಕಾಳು ಹಾಕಿದರು. "ತುಂಗಾ, ನಿನ್ನ ಹೆಸರು ನನ್ನ ಹೆಸರಿಗಿಂತ ಮ್ಯಾಲ ಬರಸ್ತೀನಿ ನೋಡು ಬೋರ್ಡಿನ ಮ್ಯಾಗ," ಎಂದು ಅವನು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆಗ ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಮಾತ್ರ ನಿಜ.

ಕೆಟ್ಟದ್ದು ಗದಗಿನಲ್ಲಿ. ಅದೇ ನಾಟಕದಲ್ಲಿ ತುಂಗಾಬಾಯಿ ದೇಸಾಯಿಯ ವಿಧವೆ ತಂಗಿ ಗಂಗವ್ವನ ಪಾತ್ರ ಮಾಡುತ್ತಿದ್ದಳು. ಅಣ್ಣನನ್ನು ಹಿಡಿದುಕೊಟ್ಟ ದ್ರೋಹಿಗೆ ಅವಳು ಶಾಪ ಹಾಕುವ ಪ್ರವೇಶ. ಅವತ್ತು ಏನಾಗಿತ್ತೋ ಅವಳಿಗೆ, ಮುಂದಿನ ಸಾಲಿನ ಹೆಂಗಸರು ಎದ್ದು ನಿಂತು ಅತ್ತರು. ವನ್ಸ್ ಮೋರ್ ಬಂತು. ಮತ್ತೆ ಬಂತು. ಐದು ಸಲ ಬಂತು. ಸಂಕೋಲೆ ಹಾಕಿಕೊಂಡು ಪಕ್ಕದಲ್ಲಿ ನಿಂತ ದೇಸಾಯಿಯನ್ನು ಯಾರೂ ನೋಡಲಿಲ್ಲ. ನನ್ನ ಗಮ್ಮು ಕಳಚುವಷ್ಟು ಅವನು ಬೆವೆತ. ಅದು ದೀಪದ ಸೆಕೆಯ ಬೆವರಲ್ಲ, ಹೊಟ್ಟೆಕಿಚ್ಚಿನದು. ತುಟಿಯ ಮೇಲೆ ಬದುಕಿದವರಿಗೆ ಇದು ಗೊತ್ತಾಗದೆ ಇರುತ್ತದೆಯೇ?

ಬಣ್ಣ ಒರೆಸುವಾಗ ಅವನು ಬಹಳ ಪ್ರೀತಿಯಿಂದ ಮಾತಾಡಿದ. "ನಿನಗ ಈಗ ಮೂರ ತಿಂಗಳು. ಹಿಂಗ ಒದರ್ಯಾಡಿದ್ರ ಕೂಸಿಗೆ ಒಳ್ಳೇದಲ್ಲ. ಇದೊಂದು ಕ್ಯಾಂಪ್ ಆರಾಮ ತಗೋ. ಮುಂದಿನ ಕ್ಯಾಂಪಿಗೆ ಮತ್ತ ಬಣ್ಣ ಹಚ್ಚುವಂತಿ."

ಅವಳು ಹೂಂ ಎಂದಳು. ಕೂಸಿನ ಮೇಲೆ ಅವಳಿಗೂ ಆಸೆ ಇತ್ತು. ಕೂಸು ಉಳಿಯಲಿಲ್ಲ. ಎರಡು ತಿಂಗಳು ಕಳೆದು ಅವಳು ತನ್ನ ಬಣ್ಣದ ಡಬ್ಬಿ ಹಿಡಿದು ದಾವಲಸಾಬನ ಕನ್ನಡಿಯ ಮುಂದೆ ಬಂದು ಕೂತಾಗ, ಅಲ್ಲಿ ಗಂಗವ್ವನ ಸೀರೆ ಉಟ್ಟು ಬೇರೆಯವಳು ಕೂತಿದ್ದಳು. ದಾವಲಸಾಬ ತಲೆ ಎತ್ತಲಿಲ್ಲ. ಅಡಿವೆಪ್ಪ ನನ್ನನ್ನು ಅಂಟಿಸಿಕೊಳ್ಳುತ್ತ ಕನ್ನಡಿಯಲ್ಲೇ ಹೇಳಿದ: "ಮುಂದಿನ ಕ್ಯಾಂಪಿಗೆ, ತುಂಗಾ."

ಬಾಗಲಕೋಟೆಯಲ್ಲಿ ಮುಂದಿನ ಕ್ಯಾಂಪ್ ಎಂದ. ಸಿಂಧನೂರಿನಲ್ಲಿ, ಹೊಸಪೇಟೆಯಲ್ಲಿ, ಚಿತ್ರದುರ್ಗದಲ್ಲಿ ಮುಂದಿನ ಕ್ಯಾಂಪ್ ಎಂದ. ನಾನು ಕಂಪನಿಯ ಲಾರಿಯಲ್ಲಿ ಇಡೀ ಸೀಮೆ ಸುತ್ತಿದ್ದೇನೆ. 'ಮುಂದಿನ ಕ್ಯಾಂಪ್' ಎಂಬ ಊರು ಎಲ್ಲೂ ಸಿಗಲಿಲ್ಲ. ಅವಳು ಮಾತ್ರ ಪ್ರತಿ ಊರಿನಲ್ಲೂ ಟ್ರಂಕು ಇಳಿಸಿದ ಕೂಡಲೇ ಬಣ್ಣದ ಡಬ್ಬಿ ತೆಗೆದು, ಒಣಗಿದ ಬಣ್ಣಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಕಲಸಿ ಇಡುತ್ತಿದ್ದಳು. ಬೆಪ್ಪು ಹೆಂಗಸು ಎಂದು ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು.

ರಂಗದ ಮೇಲೆ ಜಾಗ ಸಿಗದಿದ್ದರೂ ವಿಂಗಿನಲ್ಲಿ ಸಿಕ್ಕಿತು. ಅವಳು ಪ್ರಾಂಪ್ಟರ್ ಆದಳು. ಮೊಣಕಾಲ ಮೇಲೆ ವಹಿ ಇಟ್ಟುಕೊಂಡು ಕತ್ತಲಲ್ಲಿ ಕೂತು ಮಾತು ಉಸುರುವುದು. ಮಧ್ಯಾಹ್ನದ ಪಾಠವೂ ನಿಲ್ಲಲಿಲ್ಲ. ಹೊಸ ನಾಟಕ ಬಂದಾಗಲೆಲ್ಲ ಮೊದಲು ನಾನು ಅವಳ ತುಟಿಗೆ, ಆಮೇಲೆ ಅವನ ತುಟಿಗೆ. ನನ್ನನ್ನು ಕೆಳಕ್ಕೆ ಬಾಗಿಸಿದರೆ ಶ್ಯಾನುಭೋಗ, ಎಣ್ಣೆ ಹಚ್ಚಿ ಹುರಿಗೊಳಿಸಿದರೆ ಪೈಲವಾನ, ಬಿಳಿ ಬಣ್ಣ ಬಳಿದರೆ ಮುದಿ ಮಾವ, ಬಾಯಿಗೆ ಒಂದು ಪಕ್ಕ ಇಳಿಬಿಟ್ಟರೆ ಕುಡುಕ. ಒಂದೇ ಆಟದಲ್ಲಿ ಅಡಿವೆಪ್ಪ ಮೂರು ಪಾತ್ರ ಮಾಡಿ ಬರುತ್ತಿದ್ದ. ಕುಡುಕನಾಗಿ ಒಳಗೆ ಹೋದವನು ಒಂದು ಹಾಡು ಮುಗಿಯುವುದರೊಳಗೆ ಮಠದ ಸ್ವಾಮಿಯಾಗಿ ಹೊರಗೆ ಬಂದರೆ ಜನ ಗುರುತೇ ಹಿಡಿಯುತ್ತಿರಲಿಲ್ಲ. ಸುಳ್ಳು ಏಕೆ ಹೇಳಲಿ, ಅವನಲ್ಲಿ ಕಲೆ ಇತ್ತು. ಕಂಡದ್ದನ್ನು ಮೈಯೊಳಗೆ ಇಳಿಸಿಕೊಳ್ಳುವ ಕಲೆ. ಆದರೆ ಕಾಣಿಸಿದವರು ಯಾರು ಎಂದು ಅವನು ಒಂದು ದಿನವೂ ಬಾಯಿ ಬಿಡಲಿಲ್ಲ.

ಆಮೇಲೆ ಸಿನಿಮಾ ಬಂತು. ಹುಬ್ಬಳ್ಳಿಯ ಕ್ಯಾಂಪಿಗೆ ಶಿವರುದ್ರ ಎಂಬ ನಿರ್ದೇಶಕರು ಬಂದು ನಾಟಕ ನೋಡಿ, ಅವನನ್ನು ಮದ್ರಾಸಿಗೆ ಕರೆದರು. ಸ್ಟುಡಿಯೋದ ಮೇಕಪ್ಪಿನವನು ನನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನ್ರೀ ಇದು, ಇಲಿ ಬಾಲನಾ?" ಎಂದು ಮೂಗು ಮುರಿದ. ಅಡಿವೆಪ್ಪ ಜಗ್ಗಲಿಲ್ಲ. ನಾನು ಅವನಿಗೆ ಅದೃಷ್ಟದ ಮೀಸೆಯಂತೆ. ನನ್ನನ್ನು ಬಿಟ್ಟು ಕ್ಯಾಮೆರಾ ಮುಂದೆ ನಿಲ್ಲುವುದಿಲ್ಲ ಎಂದ. ಆ ಅದೃಷ್ಟ ಯಾರ ತಲೆಯಿಂದ ಇಳಿದು ಬಂದದ್ದು ಎಂದು ಮೇಕಪ್ಪಿನವನು ಕೇಳಲಿಲ್ಲ, ಇವನು ಹೇಳಲಿಲ್ಲ.

ಸಿನಿಮಾದಲ್ಲೂ ಓದು ಬೇಕಲ್ಲ? ಅವಳು ಜೊತೆಗೆ ಹೋದಳು. ಲಾಡ್ಜಿನ ಕೋಣೆಯಲ್ಲಿ ಬೆಳಗಿನ ಜಾವ ಎದ್ದು ಓದಿ ಹೇಳುತ್ತಿದ್ದಳು, ನಿಂತು ತೋರಿಸುತ್ತಿದ್ದಳು. ಅವನು ಸ್ಟುಡಿಯೋಗೆ ಹೋಗಿ ಒಂದೇ ಟೇಕಿನಲ್ಲಿ ಮುಗಿಸುತ್ತಿದ್ದ. 'ಒಂದೇ ಟೇಕಿನ ಸೂಡಿ' ಎಂದು ಹೆಸರು ಬಿತ್ತು. ಖಳನಾಯಕ, ತಂದೆ, ಜಮೀನುದಾರ, ಜೋಕರು ಎಲ್ಲ ಮಾಡಿದ. ಆ ಕಿರುಬೆರಳು ಪ್ರತಿ ಸಿನಿಮಾದಲ್ಲೂ ನನ್ನ ಮೇಲೆ ಹರಿಯಿತು. ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇಲ್ಲದ ಮೀಸೆಯನ್ನು ಹಾಗೇ ಸವರಿಕೊಳ್ಳತೊಡಗಿದರು.

ಪತ್ರಿಕೆಯವರೊಬ್ಬರು ಲಾಡ್ಜಿಗೆ ಬಂದು ಕೇಳಿದರು, "ಆ ಬೆರಳಿನ ಸ್ಟೈಲ್ ಎಲ್ಲಿ ಕಲಿತ್ರಿ ಸಾರ್?"

ಅಡಿವೆಪ್ಪ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. "ಅದು ಕಲ್ತದ್ದಲ್ರೀ. ಹುಟ್ಟಾ ಬಂದದ್ದು. ದೇವರು ಕೊಟ್ಟದ್ದು."

ಆ ಹೊತ್ತಿಗೆ ತುಂಗಾಬಾಯಿ ಚಹಾ ತಂದಳು. ಬಸಿಗೆ ಒಂದು ಹನಿ ಚೆಲ್ಲಲಿಲ್ಲ. ಪತ್ರಿಕೆಯವರು ಕಪ್ಪು ತೆಗೆದುಕೊಂಡು, "ಮೇಡಮ್ಮಿಗೂ ಕಲೆಯಲ್ಲಿ ಆಸಕ್ತಿ ಇದೆಯಾ?" ಎಂದು ಸೌಜನ್ಯಕ್ಕೆ ಕೇಳಿದರು. "ಮೊದಲ ಇತ್ತು," ಎಂದು ಉತ್ತರ ಕೊಟ್ಟವನು ಅಡಿವೆಪ್ಪ.

ಇಷ್ಟೇ ಆಗಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಒಂದು ದಿನ ಅವನು ಮರೆತುಬಂದ ಕನ್ನಡಕವನ್ನೋ ಊಟದ ಡಬ್ಬಿಯನ್ನೋ ಕೊಡಲು ಅವಳು ಸ್ಟುಡಿಯೋಗೆ ಬಂದಿದ್ದಳು. ಒಳಗೆ ಗಲಾಟೆ ನಡೆದಿತ್ತು. ಮುಖ್ಯವಾದ ತಾಯಿಯ ಪಾತ್ರಕ್ಕೆ ಗೊತ್ತು ಮಾಡಿದ್ದ ನಟಿ ಕೈಕೊಟ್ಟಿದ್ದಳು. ಮಾತಿನ ಹಾಳೆ ಮೇಜಿನ ಮೇಲಿತ್ತು. ತುಂಗಾಬಾಯಿ ಮೂಲೆಯಲ್ಲಿ ನಿಂತು ಅದನ್ನು ತನ್ನಷ್ಟಕ್ಕೆ ಓದಿಕೊಂಡಳು. ಓದುತ್ತ ಓದುತ್ತ ಅವಳಿಗೆ ಅರಿವಿಲ್ಲದೆ ದನಿ ಏರಿತು. ಶಿವರುದ್ರರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಅವಳಿಗೆ ನಾಚಿಕೆಯಾಗಿ ಹಾಳೆ ಇಟ್ಟು ಹೊರಗೆ ಹೋಗಿ ನಿಂತಳು.

"ಸೂಡಿಯವರೇ, ನಿಮ್ಮ ಮನೆಯವರೇ ಅಲ್ವಾ ಅವರು? ಎಂಥಾ ದನಿ ಮಾರಾಯ್ರೆ! ಈ ಪಾತ್ರ ಅವರೇ ಮಾಡಲಿ. ಕೇಳಿ ನೋಡಿ," ಎಂದರು ಶಿವರುದ್ರರು.

ನಾನು ಆಗ ಅವನ ತುಟಿಯ ಮೇಲಿದ್ದೆ. ಅವನು ಎಡಗೈ ಕಿರುಬೆರಳಿಂದ ನನ್ನನ್ನು ನಿಧಾನವಾಗಿ ಸವರಿದ. ಅವಳು ಕೊಟ್ಟ ಉಪಾಯ ಅದು, ಸರಿಯಾದ ಮಾತು ನೆನಪಾಗಲಿ ಎಂದು ಕೊಟ್ಟದ್ದು. ಅದರ ಮರೆಯಲ್ಲಿ ಅವನು ಸುಳ್ಳು ಹುಡುಕಿಕೊಂಡ.

"ಅಕಿಗೆ ಕ್ಯಾಮೆರಾ ಅಂದ್ರ ಕೈಕಾಲು ನಡಗತಾವ್ರೀ ಸರ್. ನಾಟಕದಾಗೂ ಅದಕ್ಕಾ ಬಿಟ್ಲು. ಒತ್ತಾಯ ಮಾಡಿದ್ರ ಜಡ್ಡ ಬೀಳ್ತಾಳ."

ಆ ಮಾತು ನನ್ನ ಕೆಳಗಿಂದಲೇ ಹೊರಟಿತು. ಅವಳ ಕೂದಲಿನ ನೆರಳಿನಲ್ಲಿ ಕೂತು ಅವನು ಅವಳ ಕತ್ತು ಹಿಸುಕಿದ. ಆಗಲೇ ಕಿತ್ತು ಬಿದ್ದುಬಿಡಬೇಕಿತ್ತು ನಾನು, ಆ ಆಡಿನ ಕೂದಲಿನ ಮೀಸೆಯ ಹಾಗೆ. ಮದ್ರಾಸಿನ ಗಮ್ಮು ಗಟ್ಟಿ ಇತ್ತು. ಬಾಗಿಲ ಹೊರಗೆ ಅವಳು ನಿಂತಿದ್ದಳು. ಬಾಗಿಲು ಅರ್ಧ ತೆರೆದೇ ಇತ್ತು.

ಆ ಸಂಜೆ ಲಾಡ್ಜಿಗೆ ಬಂದು ಅವಳು ಅವನನ್ನು ಏನೂ ಕೇಳಲಿಲ್ಲ. ಅಡಿಗೆ ಮಾಡಿದಳು, ಬಡಿಸಿದಳು. ಆಮೇಲೆ ಟ್ರಂಕಿನಿಂದ ತನ್ನ ಬಣ್ಣದ ಡಬ್ಬಿ ತೆಗೆದು, ಒಳಗಿನ ಬಣ್ಣವನ್ನು ಬೆರಳಿಂದ ಕೆರೆದು ಮೋರಿಗೆ ತೊಳೆದುಬಿಟ್ಟಳು. ಡಬ್ಬಿಯನ್ನು ಉಜ್ಜಿ, ಒಣಗಿಸಿ, ಅದರೊಳಗೆ ನನ್ನನ್ನು ಇಟ್ಟಳು. "ಇಷ್ಟ ದಿನ ನಿಮ್ಮ ಮೀಸಿ ಕಾಗದದಾಗ ಇಡ್ತಿದ್ರಿ. ಈ ಡಬ್ಬಿ ಖಾಲಿ ಆತು, ತಗೋರಿ," ಎಂದಳು. ಅವನು, "ಚೊಲೋ ಆತು ಬಿಡು," ಎಂದ. ಅಷ್ಟೂ ಅರ್ಥವಾಗದವನು ನೂರು ಜನರ ದುಃಖ ಸುಖ ಅಭಿನಯಿಸಿ ತೋರಿಸುತ್ತಿದ್ದ ನೋಡಿ!

ಮರುದಿನ ಬೆಳಿಗ್ಗೆ ಅವಳು ಮತ್ತೆ ಎದ್ದು ಅವನಿಗೆ ಮಾತು ಓದಿ ಹೇಳಿದಳು. ಯಾಕೆ ಹೇಳಿದಳು ಎಂದು ನನಗೆ ಇವತ್ತಿಗೂ ತಿಳಿಯದು. ಎದ್ದು ತೋರಿಸುವುದನ್ನು ಮಾತ್ರ ಬಿಟ್ಟಳು. ಕೂತಲ್ಲೇ ಓದಿದಳು, ಮಗ್ಗಿಯ ಹಾಗೆ. ಅವನ ಮುಂದಿನ ಸಿನಿಮಾಗಳಲ್ಲಿ ಹೊಸದೇನೂ ಇರಲಿಲ್ಲ. ಹಳೆಯದನ್ನೇ ತಿರುಗಿಸಿ ತಿರುಗಿಸಿ ಮಾಡಿದ. ಜನ ಅದಕ್ಕೂ ಚಪ್ಪಾಳೆ ಹೊಡೆದರು.

ವಯಸ್ಸಾಯಿತು. ಕರೆಗಳು ಕಡಿಮೆಯಾದವು. ಟೀವಿ ಧಾರಾವಾಹಿಗಳಲ್ಲಿ ಹಾರ ಹಾಕಿದ ಫೋಟೋದೊಳಗಿನ ಅಜ್ಜನಾಗಿಯೂ ಅಭಿನಯಿಸಿದ. ಕಡೆಗೆ ಇಬ್ಬರೂ ಗದಗ-ಬೆಟಗೇರಿಗೆ ಬಂದು ಎರಡು ಕೋಣೆಯ ಮನೆಯಲ್ಲಿ ನಿಂತರು. ಅಲ್ಲಿ ಅವನು ಮೊದಲ ಸಲ ಸ್ವಂತ ಮೀಸೆ ಬಿಟ್ಟ. ಹುಲ್ಲಿನಂತೆ ತೆಳ್ಳಗೆ, ಬೆಳ್ಳಗೆ ಬಂತು. ನಾನು ಡಬ್ಬಿಯಲ್ಲೇ ಉಳಿದೆ. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಬಿದ್ದ. ಪಾರ್ಶ್ವವಾಯು. ಬಲಭಾಗ ಹೋಯಿತು, ಮಾತೂ ಹೋಯಿತು. ಆ ಕಂಚಿನ ಗಂಟಲಿನಿಂದ 'ಆ' ಎಂಬ ಒಂದು ಸದ್ದು ಬಿಟ್ಟು ಬೇರೇನೂ ಹೊರಡದಾಯಿತು. ತುಂಗಾಬಾಯಿ ಗಂಜಿ ತಿನ್ನಿಸಿದಳು, ಮೈ ಒರೆಸಿದಳು, ಹೇಲು ಉಚ್ಚೆ ಬಳಿದಳು.

ಆ ವರ್ಷ ಬಸಲಿಂಗಯ್ಯ ಮಾಲಕರ ಮಗ ಗುರುಸಿದ್ಧಯ್ಯ ಗದಗಿನಲ್ಲಿ ಅಡಿವೆಪ್ಪನಿಗೆ ದೊಡ್ಡ ಸನ್ಮಾನ ಇಟ್ಟುಕೊಂಡ. ಆಟೋದಲ್ಲಿ ಮೈಕು ಕಟ್ಟಿ ಊರೆಲ್ಲ ಸಾರಿದರು. ಕೊನೆಯಲ್ಲಿ 'ಹುಲಿಗುಡ್ಡದ ದೇಸಾಯಿ'ಯ ಒಂದು ಪ್ರವೇಶ ಆಡಿ ತೋರಿಸುವುದು, ದೇಸಾಯಿಯಾಗಿ ಧಾರಾವಾಹಿಯ ಒಬ್ಬ ಹೀರೋ ಬರುವುದು ಎಂದಿತ್ತು. "ಅಮ್ಮಾರ, ಯಜಮಾನ್ರ ಮೀಸಿ ತರೂದು ಮರೀಬ್ಯಾಡ್ರಿ. ಅದನ್ನಾ ಹಚ್ಚಿ ಆಡಸೋಣು," ಎಂದು ಗುರುಸಿದ್ಧಯ್ಯ ಹೇಳಿಹೋಗಿದ್ದ.

ಸಂಜೆ ಐದಕ್ಕೆ ಸಭೆ. ಅಡಿವೆಪ್ಪನನ್ನು ಗಾಲಿಕುರ್ಚಿಯಲ್ಲಿ ವೇದಿಕೆಯ ಒಂದು ಪಕ್ಕಕ್ಕೆ ಕೂರಿಸಿದರು. ಹಾರ ಹಾಕಿದರು, ಶಾಲು ಹೊದಿಸಿದರು. ಒಬ್ಬೊಬ್ಬರಾಗಿ ಎದ್ದು ಹೊಗಳಿದರು. ದೇವರು ಕೊಟ್ಟ ಕಲೆ ಎಂದರು, ಗುರುವಿಲ್ಲದೆ ಕಲಿತ ಏಕಲವ್ಯ ಎಂದರು. ತುಂಗಾಬಾಯಿ ಕುರ್ಚಿಯ ಹಿಂದೆ ನಿಂತು ಅವನ ಬಾಯಿಯಿಂದ ಇಳಿಯುವ ಜೊಲ್ಲು ಒರೆಸುತ್ತಿದ್ದಳು.

ಅಷ್ಟರಲ್ಲಿ ಗುರುಸಿದ್ಧಯ್ಯ ಬೆವರೊರೆಸಿಕೊಳ್ಳುತ್ತ ಬಂದ. "ಅಮ್ಮಾರ, ಆ ಹೀರೋ ಬರಂಗಿಲ್ಲಂತ, ಶೂಟಿಂಗ್ ಮುಗದಿಲ್ಲಂತ. ಸಾಹೇಬನ ಪಾರ್ಟಿನಂವ ಬಣ್ಣ ಹಚ್ಚಿ ಕುಂತಾನ. ಏನ್ ಮಾಡ್ಲಿ? ಮಂದಿ ಎದ್ದು ಹೊಂಟಾರ."

"ನಾ ಮಾಡ್ತೀನಿ," ಎಂದಳು ತುಂಗಾಬಾಯಿ.

"ನೀವ? ಅಮ್ಮಾರ, ಅದು ದೇಸಾಯಿ ಪಾರ್ಟು..."

"ಗೊತ್ತೈತಿ. ಗಮ್ ಕೊಡು."

ಡಬ್ಬಿ ತೆರೆಯಿತು. ಎಷ್ಟೋ ವರ್ಷಗಳ ಮೇಲೆ ನಾನು ಆ ತುಟಿಗೆ ಬಂದೆ. ತುಟಿ ಸುಕ್ಕಾಗಿತ್ತು. ನಡುಗುತ್ತಿರಲಿಲ್ಲ. ಬಿಳಿ ತಲೆಗೆ ರುಮಾಲು ಸುತ್ತಿದಳು, ಸೀರೆಯ ಮೇಲೆ ದೇಸಾಯಿಯ ಅಂಗಿ ತೊಟ್ಟಳು. ಪರದೆ ಸರಿದಾಗ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಎಡಗಾಲು ಒಂದು ಹೆಜ್ಜೆ ಮುಂದೆ. ಗದ್ದ ಕೆಳಗೆ, ಕಣ್ಣು ಮೇಲೆ. ಅವಳು ದನಿ ತೆಗೆದಳು. ನಕ್ಕವರ ಬಾಯಿ ಮುಚ್ಚಿತು. ವಾಡೆ ಎದ್ದು ನಿಂತಿತು, ಸಾಹೇಬನ ಪಾತ್ರದವನು ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಸರಿದ. "ಈ ವಾಡೆಯ ಬಾಗಿಲು ತೆರೆಯಲು ಕೀಲಿ ಬೇಕಿಲ್ಲ ಸಾಹೇಬ, ಧೈರ್ಯ ಬೇಕು." ಅವಳಿಗೆ ಮಾತು ಮರೆತಿರಲಿಲ್ಲ. ಆದರೂ ಎಡಗೈ ಎತ್ತಿದಳು. ಕಿರುಬೆರಳು ನನ್ನ ಮೇಲೆ ನಿಧಾನವಾಗಿ ಹರಿಯಿತು. "ತಂದಿದ್ದೀಯೇನು?"

ಸಭೆ ಎದ್ದು ನಿಂತಿತು. ಶಿಳ್ಳೆ, ಚಪ್ಪಾಳೆ, ವನ್ಸ್ ಮೋರ್. ನನಗೆ ಹಿಗ್ಗೋ ಹಿಗ್ಗು. ಬಂತು ನೋಡು ತುಂಗಾ, ನಿನ್ನ ಮುಂದಿನ ಕ್ಯಾಂಪ್ ಎಂದುಕೊಂಡೆ. ಈಗ ಎಲ್ಲರಿಗೂ ತಿಳಿಯುತ್ತದೆ ಎಂದುಕೊಂಡೆ.

ಗುರುಸಿದ್ಧಯ್ಯ ಮೈಕು ಹಿಡಿದು ಕೂಗಿದ: "ನೋಡಿದ್ರೇನ್ರಪಾ! ಥೇಟ್ ನಮ್ಮ ಯಜಮಾನ್ರ ಹಂಗ! ಅದಾ ನಿಲುವು, ಅದಾ ಬೆರಳು! ಜೀವನಾ ಪೂರ್ತಿ ಗಂಡನ್ನ ನೋಡಿ ನೋಡಿ ಕಲ್ತಾರ ನಮ್ಮ ಅಮ್ಮಾರು. ಹೊಡೀರಿ ಚಪ್ಪಾಳಿ, ಸೂಡಿ ಅಡಿವೆಪ್ಪನವರಿಗೆ!"

ಚಪ್ಪಾಳೆಯೆಲ್ಲ ಗಾಲಿಕುರ್ಚಿಯ ಕಡೆ ತಿರುಗಿತು. ಅವಳ ಉಸಿರು ಒಮ್ಮೆ ನಿಂತದ್ದು ನನಗೆ ತಾಗಿತು.

ಆಗ ಅಡಿವೆಪ್ಪ ಅಲುಗಾಡಿದ. ನೆಟ್ಟಗಿದ್ದ ಎಡಗೈ ಎತ್ತಿ ಅವಳ ಕಡೆ ಬೆರಳು ತೋರಿಸಿದ. 'ಆ... ಆ...' ಎಂದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ತನ್ನ ತುಟಿಯ ಮೇಲೆ ಬೆರಳು ಎಳೆದು ಮತ್ತೆ ಅವಳನ್ನೇ ತೋರಿಸಿದ, ಮತ್ತೆ ತೋರಿಸಿದ. ಆಕೆಯದು, ಆಕೆಯದು ಎಂದು ಹೇಳುತ್ತಿದ್ದ. ಇನ್ನೇನು ಹೇಳಲಿಕ್ಕಿತ್ತು ಅವನಿಗೆ?

"ಯಜಮಾನ್ರು ಅಮ್ಮಾರಿಗೆ ಆಶೀರ್ವಾದ ಮಾಡ್ಲಿಕತ್ತಾರ!" ಎಂದ ಗುರುಸಿದ್ಧಯ್ಯ. ಫೋಟೋದವರು ಓಡಿಬಂದು, "ಅಮ್ಮಾ, ಕಾಲಿಗೆ ಬೀಳ್ರಿ, ಫೋಟೋ ಚೊಲೋ ಬರ್ತೈತಿ," ಎಂದರು.

ತುಂಗಾಬಾಯಿ ಕಾಲಿಗೆ ಬೀಳಲಿಲ್ಲ. ಕುರ್ಚಿಯ ಹತ್ತಿರ ಹೋಗಿ ಆ ಕೈ ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. "ಸಾಕು ಬಿಡ್ರಿ. ಈಗ ಹೇಳಿದ್ರ ಯಾರಿಗೆ ತಿಳೀಬೇಕು?" ಎಂದಳು. ಸೆರಗಿನಿಂದ ಅವನ ಬಾಯಿ ಒರೆಸಿದಳು. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ನಾಲಿಗೆ ನೆಟ್ಟಗಿದ್ದ ಅಷ್ಟೊಂದು ವರ್ಷ ಅವನು ಏನು ಮಾಡುತ್ತಿದ್ದ?

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. 'ಪತಿಯ ಶೈಲಿಯಲ್ಲಿ ಮಿಂಚಿದ ಪತ್ನಿ' ಎಂದು ಬರೆದಿದ್ದರು. ಅವಳ ಹೆಸರು ಹಾಕಲು ಮರೆತಿದ್ದರು.

ಎಂಟು ತಿಂಗಳು ಕಳೆದು ಅಡಿವೆಪ್ಪ ತೀರಿಕೊಂಡ. ಹನ್ನೊಂದನೇ ದಿನ ಕಳೆದ ಮೇಲೆ ಅವಳು ಡಬ್ಬಿಯಿಂದ ನನ್ನನ್ನು ತೆಗೆದಳು. ಸೀಗೆಪುಡಿ ಹಾಕಿ, ಬಿಸಿನೀರಿನಲ್ಲಿ ತೊಳೆದು, ನನ್ನ ಬೆನ್ನಿಗೆ ಹತ್ತಿದ್ದ ಅಷ್ಟೂ ವರ್ಷಗಳ ಗಮ್ಮನ್ನು ಉಗುರಿನಿಂದ ಬಿಡಿಸಿದಳು. ಬಾಗಿಲ ಪಕ್ಕದ ಗೂಡಿನಲ್ಲಿ ಅವಳು ದಿನಾ ತಲೆ ಬಾಚಿದಾಗ ಉದುರಿದ ಕೂದಲನ್ನು ಉಂಡೆ ಮಾಡಿ ಇಡುತ್ತಾಳೆ. ಓಣಿಯಲ್ಲಿ ಕೂದಲು ಕೊಳ್ಳುವವಳು ಬಂದಾಗ ಕೊಟ್ಟು ಪಿನ್ನು ತೆಗೆದುಕೊಳ್ಳುತ್ತಾರಲ್ಲ, ಅದಕ್ಕೆ. ಆ ಬಿಳಿ ಉಂಡೆಯನ್ನು ಬಿಡಿಸಿ, ನನ್ನನ್ನು ನಡುವೆ ಇಟ್ಟು, ಮತ್ತೆ ಸುತ್ತಿದಳು.

ಮೊನ್ನೆ ಗುರುಸಿದ್ಧಯ್ಯ ಬಂದಿದ್ದ. ಗದಗಿನಲ್ಲಿ ಕಲಾವಿದರ ವಸ್ತುಗಳ ಕೋಣೆ ಮಾಡುತ್ತಾರಂತೆ. ಗಾಜಿನ ಪೆಟ್ಟಿಗೆ, ಒಳಗೆ ಲೈಟು, ಕೆಳಗೆ ಹಿತ್ತಾಳೆಯ ಫಲಕ. "ಅಮ್ಮಾರ, ಯಜಮಾನ್ರ ಮೀಸಿ ಒಂದು ಕೊಡ್ರಿ. ನೂರು ವರ್ಷ ಇರ್ತೈತಿ ಅಲ್ಲೆ," ಎಂದ.

ಅವನ ತಲೆಯಿಂದ ಒಂದು ಮೊಳ ದೂರದ ಗೂಡಿನಲ್ಲಿ ನಾನಿದ್ದೆ.

"ಅವರ ಮೀಸಿ ಅವರ ಸಂಗಾಟ ಮಣ್ಣಿಗೆ ಹೋತಪ್ಪಾ," ಎಂದಳು ತುಂಗಾಬಾಯಿ.

"ಅದಲ್ರೀ, ಆ ದೇಸಾಯಿ ಮೀಸಿ. ಕರೇದು."

ಅವಳು ಗೂಡಿನ ಕಡೆ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಅದು ಅವರದಲ್ಲ," ಎಂದಳು. "ಈ ಮನ್ಯಾಗ ಈಗ ಇರೂದೆಲ್ಲಾ ನನ್ನ ಕೂದಲ."

ಅವನಿಗೆ ಏನೂ ತಿಳಿಯಲಿಲ್ಲ. ಮುದುಕಿಗೆ ಅರಳುಮರಳು ಎಂದುಕೊಂಡು, ಗೋಡೆಯ ಮೇಲಿನ ಒಂದು ಫೋಟೋ ತೆಗೆದುಕೊಂಡು ಹೋದ. ಅದರಲ್ಲಿ ನಾನೂ ಇದ್ದೇನೆ. ಇರಲಿ ಬಿಡಿ.

ಇಲ್ಲಿ ಗೂಡಿನಲ್ಲಿ ಬಿಳಿಯ ಕೂದಲ ನಡುವೆ ನಾನೊಂದು ಕರಿಯ ಎಳೆ. ಬೆಳಿಗ್ಗೆ ಅವಳು ತಲೆ ಬಾಚಿ, ಉದುರಿದ್ದನ್ನು ಬೆರಳಿಗೆ ಸುತ್ತಿ ನನ್ನ ಮೇಲೆ ಇಡುತ್ತಾಳೆ. ಓಣಿಯಲ್ಲಿ ಕೂದಲಿನವಳ ಕೂಗು ಆಗಾಗ ಕೇಳುತ್ತದೆ. ತುಂಗಾಬಾಯಿ ಇನ್ನೂ ಅವಳನ್ನು ಕರೆದಿಲ್ಲ.